ವೆಬ್ ಆ್ಯಪ್‌ಗೆ ಯಾವ ಎಡಿಟರ್? ಎಚ್‌ಟಿಎಂಎಲ್ ತೋರಿಸುವ, ತಿದ್ದಿಸುವ ದಾರಿಗಳ ಹೋಲಿಕೆ

"ನಮ್ಮ ಆ್ಯಪ್‌ನಲ್ಲಿ ಬೋಲ್ಡ್, ಪಟ್ಟಿ, ಫೋಟೊ, ಟೇಬಲ್ ಎಲ್ಲ ಹಾಕಿ ಬರೆಯುವಂತಾಗಬೇಕು. ಯಾವ ಎಡಿಟರ್ ಹಾಕೋಣ?" ಈ ಪ್ರಶ್ನೆ ಹೆಚ್ಚಾಗಿ ಮೂರು ಬಗೆಯವರಿಂದ ಬರುತ್ತದೆ. ಸುದ್ದಿ ಪೋರ್ಟಲ್ ಕಟ್ಟುತ್ತಿರುವವರು ಕೇಳುತ್ತಾರೆ. ಕಾಲೇಜಿಗೆ ಪಾಠ, ಪ್ರಶ್ನೆಪತ್ರಿಕೆಯ ತಂತ್ರಾಂಶ ಮಾಡುತ್ತಿರುವವರು ಕೇಳುತ್ತಾರೆ. ಗಿರಾಕಿಗಳಿಗೆ ಇಮೇಲ್ ಕಳಿಸಿ, ಬಂದ ಇಮೇಲನ್ನು ಅಲ್ಲೇ ತೋರಿಸುವ ಬಿಸಿನೆಸ್ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಗಳೂ ಕೇಳುತ್ತವೆ. ಕೇಳುವ ಹೊತ್ತಿಗೆ ಟೈನಿಎಂಸಿಇ, ಸಿಕೆಎಡಿಟರ್, ಕ್ವಿಲ್, ಟಿಪ್‌ಟ್ಯಾಪ್, ಲೆಕ್ಸಿಕಲ್ ಎಲ್ಲದರ ಡೆಮೊ ಪುಟ ನೋಡಿ ಮುಗಿಸಿರುತ್ತಾರೆ, ಗೊಂದಲ ಇನ್ನಷ್ಟು ಹೆಚ್ಚಿರುತ್ತದೆ. ಡೆಮೊದಲ್ಲಿ ಕಾಣುವ ಟೂಲ್‌ಬಾರ್ ಎಲ್ಲ ಕಡೆ ಹೆಚ್ಚೂಕಡಿಮೆ ಒಂದೇ. ಎರಡು ವರ್ಷ ಬಿಟ್ಟು ನಿಮ್ಮನ್ನು ಕಾಡುವುದು ಅದರ ಕೆಳಗಿರುವ ಸಂಗತಿ: ನೀವು ಕೊಟ್ಟ ಎಚ್‌ಟಿಎಂಎಲನ್ನು (ಟ್ಯಾಗ್ ಎಂಬ ಗುರುತುಗಳಿಂದ ವೆಬ್ ಪುಟ ಬರೆಯುವ ಭಾಷೆ) ಆ ಎಡಿಟರ್ ಏನು ಮಾಡುತ್ತದೆ?

ಸ್ವಲ್ಪ ಹಿಂದೆ ಹೋದರೆ ಸಮಸ್ಯೆ ತಲೆಕೆಳಗಾಗಿತ್ತು. 2002ರಲ್ಲಿ ಮ್ಯಾಕ್ರೋಮೀಡಿಯಾ (ಮುಂದೆ ಅಡೋಬಿಗೆ ಸೇರಿದ ಕಂಪನಿ) "ರಿಚ್ ಇಂಟರ್ನೆಟ್ ಅಪ್ಲಿಕೇಶನ್" ಎಂಬ ಹೆಸರನ್ನು ಚಾಲ್ತಿಗೆ ತಂದಾಗ ಆ್ಯಪ್ ಎಂದರೆ ಬ್ರೌಸರಿಗೆ ಪ್ಲಗಿನ್ ಆಗಿ ಸೇರುತ್ತಿದ್ದ ಫ್ಲ್ಯಾಶ್. ಫ್ಲ್ಯಾಶ್‌ನ ಪಠ್ಯ ಪೆಟ್ಟಿಗೆಗೆ ಬರುತ್ತಿದ್ದದ್ದು ಬೆರಳೆಣಿಕೆಯ ಟ್ಯಾಗ್‌ಗಳು. ಟೇಬಲ್ ಕೊಟ್ಟರೆ ಅದಕ್ಕೆ ಅರ್ಥವೇ ಆಗುತ್ತಿರಲಿಲ್ಲ. ಪೂರ್ತಿ ಎಚ್‌ಟಿಎಂಎಲ್ ಬೇಕೆಂದರೆ ಅಡೋಬಿ ಏರ್ ಎಂಬ ಡೆಸ್ಕ್‌ಟಾಪ್ ವೇದಿಕೆಗೆ ಹೋಗಿ ಅದರೊಳಗಿನ ವೆಬ್‌ಕಿಟ್ ಎಂಬ ಬ್ರೌಸರ್ ಎಂಜಿನ್ ಬಳಸಬೇಕಿತ್ತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಅಡೋಬಿಯ ಬೆಂಬಲ ನಿಂತಿತು. ಈಗ ಬ್ರೌಸರೇ ಆ್ಯಪ್, ಏನು ಕೊಟ್ಟರೂ ತೋರಿಸುತ್ತದೆ. ತೋರಿಸಬಾರದ್ದನ್ನೂ ತೋರಿಸುತ್ತದೆ, ನಡೆಸಬಾರದ್ದನ್ನೂ ನಡೆಸುತ್ತದೆ.

ಅಳೆಯುವ ಮೊದಲು ಅಳತೆಗೋಲು

ಮೊದಲ ಪ್ರಶ್ನೆ: ಈ ಎಚ್‌ಟಿಎಂಎಲ್ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ನಿಮ್ಮದೇ ಆ್ಯಪ್‌ನಲ್ಲಿ ಹುಟ್ಟಿ, ನಿಮ್ಮದೇ ಪುಟದಲ್ಲಿ ಕಾಣಿಸಿಕೊಳ್ಳುವುದಾದರೆ ಬಿಗಿ ಮಾಡಬಹುದು: ಶೀರ್ಷಿಕೆ, ಪ್ಯಾರಾ, ಪಟ್ಟಿ, ಚಿತ್ರ, ಇಷ್ಟು ಸಾಕು ಎನ್ನಬಹುದು. ಹಳೆಯ ವೆಬ್‌ಸೈಟಿನಿಂದ ಹತ್ತು ವರ್ಷದ ಲೇಖನಗಳು ಬರುತ್ತವೆ, ಅಥವಾ ಬರೆದದ್ದು ಇಮೇಲ್ ಆಗಿ ಔಟ್‌ಲುಕ್‌ಗೆ ಹೋಗಬೇಕು ಎಂದರೆ ಬಿಗಿ ಮಾಡಿದಷ್ಟೂ ನಷ್ಟ. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಪಟ್ಟಿ ತಾನಾಗಿ ಅಳಿಸಿಹೋಗುತ್ತದೆ.

ಎರಡನೆಯದು ಸುರಕ್ಷತೆ. ಮೂರನೆಯದು ಕನ್ನಡ, ಅಂದರೆ ಫೋನಿನ ಕೀಬೋರ್ಡ್, ಒತ್ತಕ್ಷರ, ನುಡಿ ತಂತ್ರಾಂಶದಿಂದ ಪೇಸ್ಟ್ ಮಾಡುವ ಸಂಪಾದಕರು. ಯಾವ ಇಂಗ್ಲಿಷ್ ಹೋಲಿಕೆಯಲ್ಲೂ ಇದಕ್ಕೊಂದು ಕಾಲಂ ಇರುವುದಿಲ್ಲ. ನಾಲ್ಕನೆಯದು ದುಡ್ಡು ಮತ್ತು ಲೈಸೆನ್ಸ್. ಕೊನೆಯದನ್ನು ಬಹಳ ಜನ ಮರೆಯುತ್ತಾರೆ: ಕಟ್ಟಿದವರು ಕೆಲಸ ಬಿಟ್ಟು ಹೋದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು?

ಬರೀ ತೋರಿಸುವುದಾದರೆ

ಎಡಿಟರ್ ವಿಷಯಕ್ಕೆ ಹೋಗುವ ಮೊದಲು, ಬರೆದದ್ದನ್ನು ತೋರಿಸುವುದು ಹೇಗೆಂದು ನಿರ್ಧರಿಸಿ. ಇಲ್ಲಿ ನಾಲ್ಕು ದಾರಿಗಳಿವೆ.

ಫಾರ್ಮ್ಯಾಟಿಂಗ್ ಬೇಡವೆಂದರೆ ಸಾದಾ ಪಠ್ಯವಾಗಿಯೇ ತೋರಿಸಿ. ಕಾಮೆಂಟ್, ವಿಳಾಸ, ಟಿಪ್ಪಣಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಎಷ್ಟೋ ಆ್ಯಪ್‌ಗಳಲ್ಲಿ ಎರಡು ಸಾಲಿನ ಟಿಪ್ಪಣಿಗೂ ದೊಡ್ಡ ಎಡಿಟರ್ ಕೂರಿಸಿರುವುದನ್ನು ನೋಡಿದರೆ ಮೂಗಿಗಿಂತ ಮೂಗುತಿ ಭಾರ ಎನಿಸುತ್ತದೆ.

ಫಾರ್ಮ್ಯಾಟಿಂಗ್ ಬೇಕಾದರೆ ಎಚ್‌ಟಿಎಂಎಲನ್ನು ಜರಡಿ ಹಿಡಿದು ಪುಟಕ್ಕೆ ಸೇರಿಸುವುದು ಎರಡನೆಯ ದಾರಿ. ಜರಡಿಯಿಲ್ಲದೆ ಸೇರಿಸಿದರೆ ಏನಾಗುತ್ತದೆ ಎನ್ನುವುದಕ್ಕೆ 2005ರ ಅಕ್ಟೋಬರಿನ ಸ್ಯಾಮಿ ವರ್ಮ್ ಎಂಬ ತಾನಾಗಿ ಹರಡುವ ಕೋಡ್‌ಗಿಂತ ಚೆನ್ನಾದ ಪಾಠ ಇನ್ನೂ ಸಿಕ್ಕಿಲ್ಲ. ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣ ತನ್ನ ಬಳಕೆದಾರರ ಪ್ರೊಫೈಲ್‌ನಲ್ಲಿ ಪುಟದೊಳಗೆ ಪ್ರೋಗ್ರಾಂ ನಡೆಸುವ ಸ್ಕ್ರಿಪ್ಟ್ ಟ್ಯಾಗನ್ನೂ "ಜಾವಾಸ್ಕ್ರಿಪ್ಟ್" ಎಂಬ ಪದವನ್ನೂ ತಡೆಯುತ್ತಿತ್ತು. ಒಬ್ಬ ಹುಡುಗ ಡಿವ್ ಟ್ಯಾಗಿನ ಸ್ಟೈಲ್ ಒಳಗೆ ಆ ಪದವನ್ನು "ಜಾವಾ" ಮತ್ತು "ಸ್ಕ್ರಿಪ್ಟ್" ಎಂದು ಒಡೆದು, ನಡುವೆ ಒಂದು ಎಂಟರ್ ಹಾಕಿದ. ಮೈಸ್ಪೇಸ್‌ನ ಸೋಸುವಿಕೆಗೆ ಅದು ಕಾಣಲಿಲ್ಲ, ಆ ಕಾಲದ ಕೆಲವು ಬ್ರೌಸರ್‌ಗಳು ಒಟ್ಟಿಗೆ ಓದಿಕೊಂಡವು. ಇಪ್ಪತ್ತು ಗಂಟೆಯೊಳಗೆ 10 ಲಕ್ಷಕ್ಕೂ ಹೆಚ್ಚು ಪ್ರೊಫೈಲ್‌ಗಳಿಗೆ ಅದು ಹಬ್ಬಿತು. ಆದ್ದರಿಂದ "ಇವು ಬೇಡ" ಎಂಬ ಪಟ್ಟಿ ಎಂದೂ ಪೂರ್ತಿಯಾಗುವುದಿಲ್ಲ. "ಇಷ್ಟು ಮಾತ್ರ ಬೇಕು" ಎಂಬ ಪಟ್ಟಿ ಮಾಡಿ. ಸ್ಕ್ರಿಪ್ಟ್ ಟ್ಯಾಗ್ ತೆಗೆದರೆ ಸಾಕು ಎಂದುಕೊಂಡವರಿಗೆ ಇನ್ನೊಂದು ಮಾತು: ಇನ್ನರ್ ಎಚ್‌ಟಿಎಂಎಲ್ (ಪುಟದ ಒಂದು ಭಾಗದ ಒಳಗನ್ನು ಓದುವ, ಬದಲಿಸುವ ಸೌಲಭ್ಯ) ಮೂಲಕ ಹಾಕಿದ ಸ್ಕ್ರಿಪ್ಟ್ ಟ್ಯಾಗ್ ಓಡುವುದೇ ಇಲ್ಲ, ಓಡುವುದು ಚಿತ್ರದ ಟ್ಯಾಗಿಗೆ ಅಂಟಿಸಿದ ಆನ್‌ಎರರ್, ಅಂದರೆ ಚಿತ್ರ ಬರದಿದ್ದಾಗ ನಡೆಯುವ ಕೋಡ್.

ಬ್ರೌಸರಿನಲ್ಲಿ ಜರಡಿ ಹಿಡಿಯಲು ಕ್ಯೂರ್53 ತಂಡದ ಡಾಮ್‌ಪ್ಯೂರಿಫೈ ಇದೆ, ಉಚಿತ, ಅದನ್ನೇ ಬಳಸಿ. ಸರ್ವರ್ ಕಡೆ ಪಿಎಚ್‌ಪಿಯಾದರೆ ಎಚ್‌ಟಿಎಂಎಲ್ ಪ್ಯೂರಿಫೈಯರ್, ಜಾವಾ ಆದರೆ ಒವಾಸ್ಪ್‌ನ ಸ್ಯಾನಿಟೈಸರ್. ಪೈಥಾನ್‌ನವರು ಬಹುಕಾಲ ಬ್ಲೀಚ್ ಬಳಸುತ್ತಿದ್ದರು. 2023ರ ಜನವರಿಯಲ್ಲಿ ಅದನ್ನು ಕೈಬಿಡುವುದಾಗಿ ಘೋಷಿಸಿದ ಮೇಲೆ ಎನ್‌ಎಚ್3 ಕಡೆ ಹೋಗುತ್ತಿದ್ದಾರೆ. ಎಡಿಟರ್ ತಾನೇ ಶುದ್ಧ ಮಾಡುತ್ತದೆಯಲ್ಲ ಎಂಬ ವಾದ ನಿಲ್ಲುವುದಿಲ್ಲ. ಕಿಡಿಗೇಡಿ ನಿಮ್ಮ ಎಡಿಟರನ್ನು ತೆರೆಯುವುದೇ ಇಲ್ಲ, ನೇರವಾಗಿ ನಿಮ್ಮ ಎಪಿಐಗೆ (ಸರ್ವರ್ ಡೇಟಾ ಪಡೆಯುವ ದಾರಿಗೆ) ಬೇಕಾದ್ದನ್ನು ಕಳಿಸುತ್ತಾನೆ.

ಆಂಗ್ಯುಲರ್ ಎಂಬ ಫ್ರೇಮ್‌ವರ್ಕ್ ಬಳಸುವವರಿಗೆ ಒಂದು ವಿಶೇಷ ಕಿರಿಕಿರಿ ಇದೆ. ಅದು ತಾನಾಗಿಯೇ ಜರಡಿ ಹಿಡಿಯುತ್ತದೆ, ಹಿಡಿಯುವಾಗ ಇನ್‌ಲೈನ್ ಸ್ಟೈಲ್‌ಗಳನ್ನೂ (ಟ್ಯಾಗಿನೊಳಗೇ ಬರೆದ ಬಣ್ಣ, ಗಾತ್ರ ಮುಂತಾದವು) ಕಿತ್ತುಹಾಕುತ್ತದೆ. ಬಣ್ಣ ಹೋಯಿತು ಎಂದು ಗಿರಾಕಿ ಗೊಣಗಿದ ಕೂಡಲೇ "ಬೈಪಾಸ್" ಎಂದು ಶುರುವಾಗುವ ಫಂಕ್ಷನ್‌ಗೆ ಕೈಹಾಕುತ್ತಾರೆ, ಅಲ್ಲಿಗೆ ಬಾಗಿಲು ಪೂರ್ತಿ ತೆರೆದಂತೆ. ಬೈಪಾಸ್ ಮಾಡಲೇಬೇಕಾದರೆ ಅದರ ಹಿಂದಿನ ಸಾಲಿನಲ್ಲೇ ಡಾಮ್‌ಪ್ಯೂರಿಫೈ ಇರಲಿ.

ಮೂರನೆಯದು ಐಫ್ರೇಮ್, ಅಂದರೆ ಪುಟದೊಳಗೊಂದು ಬೇರೆ ಪುಟ, ಅದರ ಅನುಮತಿಗಳನ್ನು ಕಿತ್ತುಕೊಳ್ಳುವ ಸ್ಯಾಂಡ್‌ಬಾಕ್ಸ್ ಸಮೇತ. ಹೊರಗಿನಿಂದ ಬಂದ ಇಮೇಲ್ ತೋರಿಸಲು ಇದೇ ಸರಿ. ಇಮೇಲ್‌ನೊಳಗಿನ ಸ್ಟೈಲ್ ನಿಮ್ಮ ಆ್ಯಪಿನ ಬಟನ್‌ಗಳನ್ನು ಕೆಡಿಸುವುದಿಲ್ಲ, ನಿಮ್ಮ ಸ್ಟೈಲ್ ಅದನ್ನು ಕೆಡಿಸುವುದಿಲ್ಲ. ತೊಡಕು ಎತ್ತರದ್ದು: ಪೂರ್ತಿ ಮುಚ್ಚಿದ ಸ್ಯಾಂಡ್‌ಬಾಕ್ಸ್‌ನೊಳಗೆ ಹೊರಪುಟ ಇಣುಕಲಾಗದು, ಹಾಗಾಗಿ ಪತ್ರ ಎಷ್ಟು ಉದ್ದವೆಂದು ಗೊತ್ತಾಗದೆ ಎರಡೆರಡು ಸ್ಕ್ರಾಲ್ ಪಟ್ಟಿ ಬರುತ್ತವೆ. ಅಲೌ-ಸೇಮ್-ಆರಿಜಿನ್ ಎಂಬ ಅನುಮತಿ ಕೊಟ್ಟು, ಅಲೌ-ಸ್ಕ್ರಿಪ್ಟ್ಸ್ ಕೊಡದೆ ಬಿಟ್ಟರೆ ಎತ್ತರ ಅಳೆಯಬಹುದು, ಒಳಗಿನ ಸ್ಕ್ರಿಪ್ಟೂ ಓಡುವುದಿಲ್ಲ. ಎರಡನ್ನೂ ಒಟ್ಟಿಗೆ ಕೊಟ್ಟರೆ ಒಳಗಿನ ಸ್ಕ್ರಿಪ್ಟ್ ತನ್ನ ಸ್ಯಾಂಡ್‌ಬಾಕ್ಸನ್ನೇ ತೆಗೆದುಹಾಕಬಲ್ಲದು. ಆಗ ಅದು ಇದ್ದೂ ಇಲ್ಲದಂತೆ.

ನಾಲ್ಕನೆಯದು ಶ್ಯಾಡೋ ಡಾಮ್, ಪುಟದ ಸ್ಟೈಲ್ ತಾಗದಂತೆ ಬ್ರೌಸರ್ ಕೊಡುವ ಪ್ರತ್ಯೇಕ ಭಾಗ. ಸ್ಟೈಲ್ ಬೇರ್ಪಡಿಸಲು ಚೊಕ್ಕ ಉಪಾಯ. ಸುರಕ್ಷತೆಗೂ ಇದಕ್ಕೂ ಸಂಬಂಧವಿಲ್ಲ.

ಎಡಿಟರ್‌ಗಳು: ಇದ್ದದ್ದನ್ನು ಇದ್ದಂತೆ ಬಿಡುವವು, ತಮಗೆ ಬೇಕಾದ್ದನ್ನು ಮಾತ್ರ ಇಟ್ಟುಕೊಳ್ಳುವವು

ಬ್ರೌಸರಿನಲ್ಲೇ, ಪುಟದ ಪಠ್ಯವನ್ನು ಅಲ್ಲೇ ತಿದ್ದಲು ಬಿಡುವ ಕಂಟೆಂಟ್‌ಎಡಿಟಬಲ್ ಎಂಬ ಸೌಲಭ್ಯ ಇಂಟರ್ನೆಟ್ ಎಕ್ಸ್‌ಪ್ಲೋರರ್ 5.5ರ ಕಾಲದಿಂದ, ಅಂದರೆ 2000ದಿಂದ ಇದೆ. "ಲೈಬ್ರರಿ ಯಾಕೆ, ನಾವೇ ನಾಲ್ಕು ಬಟನ್ ಹಾಕೋಣ" ಎಂದು ಹೊರಡುವವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ. ಬಟನ್ ಹಾಕಲು ಬೇಕಾದ ಎಕ್ಸೆಕ್‌ಕಮಾಂಡ್ ಎಂಬ ಬ್ರೌಸರ್ ಫಂಕ್ಷನ್ ಈಗ ಬಳಕೆ ತಪ್ಪಿಸಬೇಕಾದವುಗಳ ಪಟ್ಟಿಯಲ್ಲಿದೆ, ಅದಕ್ಕೆ ಪೂರ್ತಿ ಬದಲಿ ಬಂದಿಲ್ಲ. ಒಂದೇ ಒಂದು ಕಡೆ ಇದು ಚೆನ್ನ: ಫೋಟೊದ ಅಡಿಬರಹ, ಶೀರ್ಷಿಕೆಯಂಥ ಒಂದು ಸಾಲು ಪುಟದಲ್ಲೇ ತಿದ್ದಿಸಬೇಕೆಂದರೆ "ಪ್ಲೇನ್‌ಟೆಕ್ಸ್ಟ್-ಓನ್ಲಿ" ಎಂಬ ಬಗೆಯದನ್ನು ಹಾಕಿ. ಪ್ರಮುಖ ಬ್ರೌಸರ್‌ಗಳೆಲ್ಲ ಈಗ ಅದನ್ನು ಬಲ್ಲವು. ಅದಕ್ಕಿಂತ ಹೆಚ್ಚಿಗೆ ಸ್ವಂತವಾಗಿ ಕಟ್ಟಲು ಹೋಗಬೇಡಿ.

ಟೈನಿಎಂಸಿಇ 2004ರಿಂದ ಇದೆ. ವರ್ಡ್‌ಪ್ರೆಸ್‌ನ ಹಳೆಯ ಎಡಿಟರ್ ಬಳಸಿದವರಿಗೆಲ್ಲ ಗೊತ್ತಿದ್ದೋ ಗೊತ್ತಿಲ್ಲದೆಯೋ ಪರಿಚಿತ. ಇದರ ದೊಡ್ಡ ಗುಣವೆಂದರೆ ಎಚ್‌ಟಿಎಂಎಲನ್ನು ಎಚ್‌ಟಿಎಂಎಲ್ ಆಗಿಯೇ ನೋಡುವುದು. ಟೇಬಲ್ ಒಳಗೆ ಟೇಬಲ್, ವಿಚಿತ್ರ ಕ್ಲಾಸ್‌ಗಳು, ಇನ್‌ಲೈನ್ ಸ್ಟೈಲ್, ಯಾವುದನ್ನು ಕೊಟ್ಟರೂ ಬಹುಮಟ್ಟಿಗೆ ಹಾಗೇ ಮರಳಿಸುತ್ತದೆ. ಬೇಡದ್ದನ್ನು ನೀವು ಸೆಟ್ಟಿಂಗ್ಸ್‌ನಲ್ಲಿ ಹೇಳಿ ತೆಗೆಸಬೇಕು. ಇಮೇಲ್ ಟೆಂಪ್ಲೇಟ್ ತಿದ್ದಿಸಲು, ಹಳೆಯ ಸೈಟಿನ ಲೇಖನ ತಿದ್ದಿಸಲು ನಾನು ಬೇರೆಯದನ್ನು ಹುಡುಕುವುದಿಲ್ಲ. ಇದರ ಇನ್ನೊಂದು ಮುಖವೇ ಇದರ ದೋಷ: ಹತ್ತು ಮಂದಿ ವರದಿಗಾರರ ಕೈಗೆ ಕೊಟ್ಟರೆ ತಿಂಗಳೊಪ್ಪತ್ತಿನಲ್ಲಿ ನಿಮ್ಮ ಡೇಟಾಬೇಸಿನಲ್ಲಿ ಹತ್ತು ಬಗೆಯ ಫಾಂಟ್ ಗಾತ್ರ, ಖಾಲಿ ಪ್ಯಾರಾ, ವರ್ಡ್‌ನ ಕಸ.

ಕನ್ನಡದವರು ಇದರಲ್ಲಿ ಮೊದಲು ಎಡವುವ ಜಾಗ ಫಾಂಟ್. ಟೈನಿಎಂಸಿಇ ಮಾಮೂಲಿಯಾಗಿ ಐಫ್ರೇಮ್ ಒಳಗೆ ಕೂರುತ್ತದೆ. ನಿಮ್ಮ ಪುಟಕ್ಕೆ ನೋಟೊ ಸೆರಿಫ್ ಕನ್ನಡ ಹಾಕಿದ್ದರೂ ಎಡಿಟರ್ ಒಳಗೆ ಅದು ಬರುವುದಿಲ್ಲ. ಕಂಟೆಂಟ್ ಸಿಎಸ್‌ಎಸ್ ಎಂಬ ಸೆಟ್ಟಿಂಗ್‌ನಲ್ಲಿ ಬೇರೆಯಾಗಿ ಕೊಡಬೇಕು. ಕೊಡುವಾಗ ಸಾಲಿನ ಎತ್ತರವನ್ನು 1.6ರ ಆಸುಪಾಸಿಗೆ ಏರಿಸಿ. ಇಂಗ್ಲಿಷ್‌ಗೆ ಸಾಕಾಗುವ 1.2ರಲ್ಲಿ "ಕರ್ತೃತ್ವ", "ರಾಷ್ಟ್ರ" ಬರೆದು ನೋಡಿ, ಒತ್ತಕ್ಷರದ ಬಾಲ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ.

ಸಿಕೆಎಡಿಟರ್ 5 ಹೆಸರಿನಲ್ಲಿ ಹಳೆಯದು, ಒಳಗೆ ಹೊಸದು. 2003ರ ಎಫ್‌ಸಿಕೆಎಡಿಟರ್‌ನ ವಂಶವೇ ಆದರೂ 2018ರಲ್ಲಿ ಬಂದ ಐದನೆಯ ಆವೃತ್ತಿಯನ್ನು ಬುಡದಿಂದ ಬರೆದಿದ್ದಾರೆ. ಇದು ನಿಮ್ಮ ಎಚ್‌ಟಿಎಂಎಲನ್ನು ಓದಿ ತನ್ನದೇ ಮಾದರಿಗೆ ಬದಲಿಸಿಕೊಳ್ಳುತ್ತದೆ, ಉಳಿಸುವಾಗ ಮತ್ತೆ ಎಚ್‌ಟಿಎಂಎಲ್ ಮಾಡಿ ಕೊಡುತ್ತದೆ. ತನಗೆ ಗೊತ್ತಿಲ್ಲದ ಟ್ಯಾಗ್ ಕಂಡರೆ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಹಳೆಯ ಲೇಖನ ತೆರೆದು, ಒಂದು ಅಲ್ಪವಿರಾಮ ತಿದ್ದಿ, ಸೇವ್ ಒತ್ತಿದಿರಿ ಎನ್ನಿ. ಲೇಖನದಲ್ಲಿದ್ದ ವಿಶೇಷ ಬಾಕ್ಸ್‌ನ ಚೌಕಟ್ಟು ಹೋಗಿಯೇಬಿಟ್ಟಿತು. ಜನರಲ್ ಎಚ್‌ಟಿಎಂಎಲ್ ಸಪೋರ್ಟ್ ಎಂಬ ಪ್ಲಗಿನ್ ಹಾಕಿ ಇದನ್ನು ತಡೆಯಬಹುದು, ಅದನ್ನು ಮೊದಲ ದಿನವೇ ಹಾಕಬೇಕು. ಹೊಸದಾಗಿ ಶುರು ಮಾಡುವವರಿಗೆ ಮಾತ್ರ ಈ ಬಿಗಿ ವರವೇ. ವರ್ಡ್‌ನಿಂದ ಪೇಸ್ಟ್ ಮಾಡಿದ್ದನ್ನು ತೆರವುಗೊಳಿಸುವ ಪ್ಲಗಿನ್ ಇದರಲ್ಲಿ ಉಚಿತವಾಗಿಯೇ ಬರುತ್ತದೆ. ಟೈನಿಎಂಸಿಇ ಆರನೆಯ ಆವೃತ್ತಿಯಿಂದ ಆ ಸೌಲಭ್ಯವನ್ನು ಉಚಿತ ಭಾಗದಿಂದ ತೆಗೆದು ದುಡ್ಡಿನ ಪವರ್‌ಪೇಸ್ಟ್‌ಗೆ ಬಿಟ್ಟಿದೆ. ವರ್ಡ್ ಹಿಡಿದುಕೊಂಡೇ ಬದುಕುವ ಕಚೇರಿಗಳಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಿದ್ದು ಕಾಣುವ ಟ್ರ್ಯಾಕ್ ಚೇಂಜಸ್, ಒಟ್ಟಿಗೆ ಬರೆಯುವ ಸೌಲಭ್ಯ ಕೂಡ ಇದರಲ್ಲಿ ಪಕ್ವವಾಗಿದೆ. ಎರಡಕ್ಕೂ ಹಣ ಕೊಡಬೇಕು. ಅಂದಹಾಗೆ, ಎದುರಾಳಿಗಳಂತೆ ಕಾಣುವ ಟೈನಿ ಮತ್ತು ಸಿಕೆ ಎರಡರ ಮಾಲೀಕ ಸಂಸ್ಥೆ ಒಂದೇ, ತಿಯುಗೊ ಟೆಕ್ನಾಲಜೀಸ್.

ಕ್ವಿಲ್ ಹಗುರ, ಬಿಎಸ್‌ಡಿ ಲೈಸೆನ್ಸ್ (ಮಾರುವ ಸಾಫ್ಟ್‌ವೇರಿಗೂ ಅಡ್ಡಿಯಿಲ್ಲದ ಸಡಿಲ ಲೈಸೆನ್ಸ್), ಅರ್ಧ ದಿನದಲ್ಲಿ ಕೂರಿಸಬಹುದು. ಬಹಳ ಕಾಲ ನಿಂತಲ್ಲೇ ನಿಂತಿದ್ದದ್ದು 2024ರ ಏಪ್ರಿಲ್‌ನಲ್ಲಿ 2.0 ಆಯಿತು. ಚಾಟ್, ಕಾಮೆಂಟ್, ಉತ್ತರ ಬರೆಯುವ ಪೆಟ್ಟಿಗೆಗೆ ಸಾಕಷ್ಟಾಯಿತು. ಟೇಬಲ್ ಇದರ ಬಲವಲ್ಲ. ಇದು ಡೆಲ್ಟಾ ಎಂಬ ತನ್ನದೇ ರೂಪದಲ್ಲಿ ಪಠ್ಯವನ್ನಿಡುತ್ತದೆ, ಹೊರಗಿನ ಎಚ್‌ಟಿಎಂಎಲ್ ಬಂದರೆ ತನಗೆ ತಿಳಿದಷ್ಟನ್ನೇ ಇಟ್ಟುಕೊಳ್ಳುತ್ತದೆ. ಒಂದು ಎಚ್ಚರ: ಎರಡನೆಯ ಆವೃತ್ತಿ ತನ್ನೊಳಗೆ ಚುಕ್ಕಿಪಟ್ಟಿಯನ್ನೂ ಅಂಕಿಪಟ್ಟಿಯ ಟ್ಯಾಗ್‌ನಲ್ಲೇ ಬರೆದು, ಪಕ್ಕದಲ್ಲಿ "ಇದು ಬುಲೆಟ್" ಎಂದು ಗುರುತು ಹಾಕಿಕೊಳ್ಳುತ್ತದೆ. ಎಡಿಟರ್‌ನ ಇನ್ನರ್ ಎಚ್‌ಟಿಎಂಎಲ್ ಎತ್ತಿ ಡೇಟಾಬೇಸಿಗೆ ಹಾಕಿದರೆ ಓದುಗರ ಪುಟದಲ್ಲಿ ಚುಕ್ಕಿಗಳೆಲ್ಲ 1, 2, 3 ಆಗಿ ನಿಲ್ಲುತ್ತವೆ. ಹೊರತೆಗೆಯಲು ಗೆಟ್‌ಸೆಮ್ಯಾಂಟಿಕ್‌ಎಚ್‌ಟಿಎಂಎಲ್ ಎಂಬ ಬೇರೆ ಫಂಕ್ಷನ್ ಇದೆ. ಪೇಸ್ಟ್ ಮಾಡಿದ ಫೋಟೊವನ್ನು ಬೇಸ್64 (ಫೋಟೊವನ್ನು ಅಕ್ಷರಗಳಾಗಿ ಬರೆಯುವ ರೂಪ) ಮಾಡಿ ಪಠ್ಯದೊಳಗೇ ತುರುಕುವುದೂ ಇದರ ಮಾಮೂಲಿ ಅಭ್ಯಾಸ. ಫೋಟೊದ ಗಾತ್ರ ಮೂರನೇ ಒಂದರಷ್ಟು ಹಿಗ್ಗಿ ಡೇಟಾಬೇಸಿನಲ್ಲಿ ಕೂರುತ್ತದೆ. ಅಪ್‌ಲೋಡ್ ವ್ಯವಸ್ಥೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಪ್ರೋಸ್‌ಮಿರರ್ ಬೇರೆ ಜಾತಿ. ಕೋಡ್‌ಮಿರರ್ ಎಂಬ ಕೋಡ್ ಎಡಿಟರ್ ಬರೆದ ಮರೈನ್ ಹಾವರ್ಬೆಕೆ 2015ರಲ್ಲಿ ಜನರಿಂದಲೇ ಹಣ ಕೂಡಿಸಿ ಇದನ್ನು ಶುರು ಮಾಡಿದರು. ಇದು ಎಡಿಟರ್ ಅನ್ನುವುದಕ್ಕಿಂತ ಎಡಿಟರ್ ಕಟ್ಟುವ ಸಾಮಾನು. ಟೂಲ್‌ಬಾರ್ ಕೂಡ ಇರುವುದಿಲ್ಲ. ಬದಲಿಗೆ ಸ್ಕೀಮಾ ಇದೆ: "ಸುದ್ದಿಯೆಂದರೆ ಮೊದಲು ಒಂದು ಶೀರ್ಷಿಕೆ, ಆಮೇಲೆ ಊರು-ದಿನಾಂಕದ ಸಾಲು, ಆಮೇಲೆ ಪ್ಯಾರಾಗಳು; ಫೋಟೊ ಇದ್ದರೆ ಅಡಿಬರಹ ಇರಲೇಬೇಕು" ಎಂದು ನೀವು ಬರೆದಿಟ್ಟರೆ ವರದಿಗಾರ ತಲೆಕೆಳಗಾಗಿ ನಿಂತರೂ ಅದನ್ನು ಮೀರಲಾರ. ನ್ಯೂಯಾರ್ಕ್ ಟೈಮ್ಸ್ ತನ್ನ ಸುದ್ದಿಮನೆಯ ಎಡಿಟರನ್ನು ಇದರ ಮೇಲೆ ಕಟ್ಟಿಕೊಂಡದ್ದು ಸುಮ್ಮನೆಯಲ್ಲ. ನೇರವಾಗಿ ಪ್ರೋಸ್‌ಮಿರರ್ ಕಲಿಯುವುದು ಕಷ್ಟ. ಟಿಪ್‌ಟ್ಯಾಪ್ ಅದರ ಮೇಲೊಂದು ಸುಲಭದ ಪದರ. ಎರಡರ ತಿರುಳೂ ಎಂಐಟಿ ಲೈಸೆನ್ಸ್, ಅದೂ ಬಿಎಸ್‌ಡಿಯಂತೆ ಸಡಿಲ. ಟಿಪ್‌ಟ್ಯಾಪ್‌ನವರು ಹಣ ಕೇಳುವುದು ಕ್ಲೌಡ್ ಸೇವೆಗೆ. ಒಟ್ಟಿಗೆ ಬರೆಯುವ ಸೌಲಭ್ಯವನ್ನು ವೈಜೆಎಸ್ ಎಂಬ ಲೈಬ್ರರಿ ಬಳಸಿ ನಿಮ್ಮದೇ ಸರ್ವರ್‌ನಲ್ಲಿ ಖರ್ಚಿಲ್ಲದೆ ಮಾಡಿಕೊಳ್ಳಬಹುದು. ಖರ್ಚು ಇರುವುದು ಡೆವಲಪರ್ ಸಮಯದಲ್ಲಿ. ಬಟನ್, ಲಿಂಕ್ ಪೆಟ್ಟಿಗೆ, ಟೇಬಲ್ ಮೆನು ಎಲ್ಲ ನೀವೇ ಮಾಡಬೇಕು.

ಮೆಟಾ 2022ರ ಏಪ್ರಿಲ್‌ನಲ್ಲಿ ತೆರೆದಿಟ್ಟ ಲೆಕ್ಸಿಕಲ್ ರಿಯಾಕ್ಟ್ ಲೈಬ್ರರಿ ಬಳಸುವ ತಂಡಗಳಿಗೆ ಹಿತವೆನಿಸುತ್ತದೆ. ವೇಗ ಇದೆ, ಎಂಐಟಿ ಲೈಸೆನ್ಸ್ ಇದೆ. ಆವೃತ್ತಿ ಸಂಖ್ಯೆ ಸೊನ್ನೆಯಿಂದಲೇ ಶುರುವಾಗುತ್ತಾ ಬಂದಿರುವುದರಿಂದ ಅಪ್‌ಗ್ರೇಡ್ ಮಾಡುವಾಗಲೆಲ್ಲ ಬದಲಾವಣೆಯ ಪಟ್ಟಿ ಓದಬೇಕು. ಇದೇ ಕಂಪನಿಯ ಹಿಂದಿನ ಎಡಿಟರ್ ಡ್ರಾಫ್ಟ್‌ಜೆಎಸ್ ನೆಚ್ಚಿಕೊಂಡವರು ನಡುನೀರಿನಲ್ಲಿ ಉಳಿದದ್ದನ್ನೂ ನೆನಪಿಡಿ. ರೇಲ್ಸ್ ಎಂಬ ಫ್ರೇಮ್‌ವರ್ಕ್ ಬಳಸುವವರಿಗೆ ಟ್ರಿಕ್ಸ್ ಎಂಬ ಎಡಿಟರ್ ಜೊತೆಯಲ್ಲೇ ಬರುತ್ತದೆ, ಸಣ್ಣ ಕೆಲಸಕ್ಕೆ ಸಾಕು.

ಚಿಹ್ನೆಗಳನ್ನು ಟೈಪ್ ಮಾಡಿಯೇ ಬೋಲ್ಡ್, ಶೀರ್ಷಿಕೆ ಗುರುತಿಸುವ ಮಾರ್ಕ್‌ಡೌನ್ ಆಗಬಾರದೇ ಎಂದು ಡೆವಲಪರ್‌ಗಳು ಕೇಳುತ್ತಾರೆ. ಡೆವಲಪರ್‌ಗಳೇ ಬರೆಯುವುದಾದರೆ ಆಗಬಹುದು. ಫೋನಿನ ಕನ್ನಡ ಕೀಬೋರ್ಡಿನಲ್ಲಿ ನಕ್ಷತ್ರ ಚಿಹ್ನೆ, ಹ್ಯಾಶ್ ಚಿಹ್ನೆ ಎಷ್ಟು ಪದರ ಕೆಳಗಿವೆ ಎಂದು ಒಮ್ಮೆ ಹುಡುಕಿ ನೋಡಿದರೆ ವರದಿಗಾರರಿಗೆ ಯಾಕೆ ಬೇಡವೆಂದು ತಿಳಿಯುತ್ತದೆ.

ಕನ್ನಡದ ಪರೀಕ್ಷೆ

ಪಟ್ಟಿ ಎರಡಕ್ಕೆ ಇಳಿದ ಮೇಲೆ ಡೆಮೊ ಪುಟವನ್ನು ಆಂಡ್ರಾಯ್ಡ್ ಫೋನಿನಲ್ಲಿ ತೆರೆಯಿರಿ, ಕಂಪ್ಯೂಟರಿನಲ್ಲಿ ಬೇಡ. ಜಿಬೋರ್ಡಿನ ಲಿಪ್ಯಂತರ ಕೀಬೋರ್ಡಿನಲ್ಲಿ "ವಿಶ್ವವಿದ್ಯಾಲಯ" ಬರೆಯಿರಿ. ಪದ ಪೂರ್ತಿಯಾಗುವವರೆಗೆ ಆ ಅಕ್ಷರಗಳು ಎಡಿಟರ್‌ಗೆ ಸೇರಿದವಲ್ಲ, ಕೀಬೋರ್ಡಿನ ಕೈಯಲ್ಲೇ ಇರುತ್ತವೆ. ಯಾವ ಕೀ ಒತ್ತಿದಿರಿ ಎಂದು ಕೇಳಿದರೆ ಬ್ರೌಸರ್ ಬಹುಪಾಲು 229 ಎಂಬ ಒಂದೇ ಸಂಖ್ಯೆ ಹೇಳುತ್ತದೆ. ಆ ನಡುವೆ ಎಡಿಟರ್ ಪುಟವನ್ನು ಮತ್ತೆ ಬರೆಯಲು ಹೋದರೆ ಅಕ್ಷರ ಎರಡೆರಡಾಗುತ್ತದೆ, ಇಲ್ಲವೇ ನುಂಗಿಹೋಗುತ್ತದೆ. ಬರೆದ ಪದದ ಮಧ್ಯಕ್ಕೆ ಕರ್ಸರ್ ಇಟ್ಟು ಒಂದಕ್ಷರ ಸೇರಿಸಿ. ಸಲಹೆಯ ಪಟ್ಟಿಯಿಂದ ಬೇರೆ ಪದ ಆರಿಸಿ. ಬೋಲ್ಡ್ ಒತ್ತಿ ಮುಂದುವರಿಸಿ. ಸಾಲಿನ ಮೊದಲಲ್ಲಿ, ಖಾಲಿ ಪಟ್ಟಿಯಲ್ಲಿ, ಟೇಬಲ್ ಕೋಶದಲ್ಲಿ ಇದನ್ನೇ ಮಾಡಿ. ಎಡಿಟರ್‌ಗಳು ಕೈಕೊಡುವುದು ಹೆಚ್ಚಾಗಿ ಈ ಅಂಚುಗಳಲ್ಲೇ.

"ಸ್ತ್ರೀ" ಬರೆದು ಬ್ಯಾಕ್‌ಸ್ಪೇಸ್ ಒತ್ತಿ. ಮೊದಲು ದೀರ್ಘ ಹೋಗಿ "ಸ್ತ್ರ" ಉಳಿದರೆ ಸರಿ. ಇಡೀ ಅಕ್ಷರವೇ ಮಾಯವಾದರೆ ಎಡಿಟರ್ ಅಳಿಸುವ ಕೆಲಸವನ್ನು ಬ್ರೌಸರ್‌ಗೆ ಬಿಡದೆ ತಾನೇ ಮಾಡುತ್ತಿರಬಹುದು. ಕಣ್ಣಿಗೆ ಒಂದೇ ಆಗಿ ಕಾಣುವ ಈ ಅಕ್ಷರ ಜಾವಾಸ್ಕ್ರಿಪ್ಟ್‌ನ ಲೆಕ್ಕದಲ್ಲಿ 6. "500 ಅಕ್ಷರ ಮೀರಬಾರದು" ಎಂಬ ಮಿತಿ ಹಾಕಿದ ಕಾಲೇಜಿನ ಆ್ಯಪ್‌ನಲ್ಲಿ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇಂಗ್ಲಿಷ್‌ನವರಿಗಿಂತ ಕಡಿಮೆ ಜಾಗ ಸಿಗುವುದು ಹೀಗೆ. ಮಿತಿಯನ್ನು ಪದಗಳಲ್ಲಿ ಇಡಿ.

ಇನ್ನು "ರಾಜ್‌ಕುಮಾರ್" ಎಂದು ಬರೆದು ಸೇವ್ ಮಾಡಿ, ಮತ್ತೆ ತೆರೆಯಿರಿ. "ರಾಜ್ಕುಮಾರ್" ಆಗಿದ್ದರೆ ನಡುವಿದ್ದ ಅದೃಶ್ಯ ಅಕ್ಷರವನ್ನು ಯಾರೋ ತಿಂದಿದ್ದಾರೆ. ಸಾಮಾನ್ಯವಾಗಿ ತಪ್ಪಿತಸ್ಥ ಎಡಿಟರ್ ಆಗಿರುವುದಿಲ್ಲ. "ಕಾಣದ ಅಕ್ಷರಗಳನ್ನೆಲ್ಲ ತೆಗೆ" ಎಂದು ನಿಮ್ಮದೇ ತಂಡ ಸರ್ವರ್‌ನಲ್ಲಿ ಬರೆದಿಟ್ಟ ಒಂದು ಸಾಲು ಇರುತ್ತದೆ. ಎಡಿಟರ್‌ಗಳು ಖಾಲಿ ಜಾಗ ಹಿಡಿಯಲು ಬಳಸುವ 200ಬಿ ಎಂಬ ಯೂನಿಕೋಡ್ ಸಂಖ್ಯೆಯ ಅಕ್ಷರವನ್ನು ತೆಗೆಯಲು ಹೋಗಿ, ಪಕ್ಕದ 200ಸಿ, 200ಡಿ ಎರಡನ್ನೂ ಸೇರಿಸಿ ಒರೆಸಿರುತ್ತಾರೆ. ಅವೆರಡೂ ಇಲ್ಲದಿದ್ದರೆ "ಸಾಫ್ಟ್‌ವೇರ್" ಎಂಬ ಪದವನ್ನೂ ನೆಟ್ಟಗೆ ಬರೆಯಲಾಗದು.

ಪೇಸ್ಟ್ ಪರೀಕ್ಷೆಗೆ ಹಳೆಯ ನುಡಿ ಕಡತವೊಂದು ಬೇಕು, ಯೂನಿಕೋಡ್‌ಗಿಂತ ಹಿಂದಿನ ಎನ್‌ಕೋಡಿಂಗ್‌ನದ್ದು. ಅದರಲ್ಲಿ ಇರುವುದು ರೋಮನ್ ಅಕ್ಷರಗಳೇ. ನುಡಿ ಫಾಂಟ್ ಅವುಗಳಿಗೆ ಕನ್ನಡದ ರೂಪ ತೊಡಿಸಿರುತ್ತದೆ. ಟೈನಿಯಂಥದ್ದು ಫಾಂಟಿನ ಹೆಸರನ್ನು ಉಳಿಸಿಕೊಂಡರೆ ಸಂಪಾದಕರ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ, ಓದುಗರ ಫೋನಿನಲ್ಲಿ ಕಸ ಕಾಣುತ್ತದೆ. ಫಾಂಟ್ ಕಿತ್ತುಹಾಕುವ ಬಿಗಿ ಎಡಿಟರ್‌ನಲ್ಲಿ ಪೇಸ್ಟ್ ಮಾಡಿದ ಕ್ಷಣವೇ ಕಸ ಕಾಣುತ್ತದೆ. ನನ್ನ ಕೇಳಿದರೆ ಎರಡನೆಯದೇ ಮೇಲು, ತಪ್ಪು ಪ್ರಕಟವಾಗುವ ಮೊದಲೇ ಕಣ್ಣಿಗೆ ಬೀಳುತ್ತದೆ. ಪೇಸ್ಟ್ ಆಗುವಾಗಲೇ ಫಾಂಟ್ ಹೆಸರಿನಲ್ಲಿ ನುಡಿ ಇದೆಯೇ ಎಂದು ನೋಡಿ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಕೂರಿಸಿದರೆ ಸಂಪಾದಕರು ಹರಸುತ್ತಾರೆ. ಪೇಸ್ಟ್ ಆದದ್ದನ್ನು ತಡೆದು ಬದಲಿಸುವ ಅವಕಾಶ ಮೇಲಿನ ಐದರಲ್ಲೂ ಇದೆ, ಟೈನಿ ಮತ್ತು ಪ್ರೋಸ್‌ಮಿರರ್‌ನಲ್ಲಿ ಅದು ತೀರಾ ಸುಲಭ.

ಕೊನೆಗೆ ಡೇಟಾಬೇಸ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಮೈಎಸ್‌ಕ್ಯೂಎಲ್‌ನ ಟೆಕ್ಸ್ಟ್ ಕಾಲಂಗೆ ಹಿಡಿಸುವುದು 65,535 ಬೈಟ್, ಅಂದರೆ ಟ್ಯಾಗ್‌ಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೂ 21,845 ಸಂಕೇತ. ಉದ್ದನೆಯ ಲೇಖನ ಇದನ್ನು ಮೀರಬಹುದು, ಇನ್ನೂ ಹೆಚ್ಚು ಹಿಡಿಸುವ ಮೀಡಿಯಂಟೆಕ್ಸ್ಟ್ ಮಾಡಿಬಿಡಿ. ಎಡಿಟರ್ ಅಥವಾ ಸರ್ವರ್ "ಕ" ಅಕ್ಷರವನ್ನು ಕ ಎಂಬ ಅಂಕಿಗಳಾಗಿ ಬದಲಿಸಿ ಉಳಿಸುತ್ತಿದೆಯೇ ಎಂದೂ ನೋಡಿ; ಹಾಗಿದ್ದರೆ 3 ಬೈಟ್ ಇದ್ದದ್ದು 7 ಆಗುತ್ತದೆ, ಹುಡುಕಾಟವೂ ಕೆಡುತ್ತದೆ. ಹುಡುಕಾಟ ಕೆಡಲು ಇನ್ನೊಂದು ಕಾರಣ, "ಕೋ"ದಂಥ ಅಕ್ಷರವನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಸಂಕೇತಿಸಬಹುದು ಎಂಬುದು. ಉಳಿಸುವ ಮುನ್ನ ಎನ್‌ಎಫ್‌ಸಿ ಎಂಬ ಯೂನಿಕೋಡ್‌ನ ಏಕರೂಪಕ್ಕೆ ತಂದುಕೊಂಡರೆ ಆ ತಲೆನೋವು ತಪ್ಪುತ್ತದೆ.

ದುಡ್ಡು, ಲೈಸೆನ್ಸ್, ಮತ್ತು ಯಾರಿಗೆ ಯಾವುದು

ಟೈನಿಎಂಸಿಇ ಆರನೆಯ ಆವೃತ್ತಿ ಎಂಐಟಿ ಲೈಸೆನ್ಸ್‌ನಲ್ಲಿತ್ತು. 2024ರಲ್ಲಿ ಬಂದ ಏಳನೆಯದರಿಂದ ಜಿಪಿಎಲ್, ಅಂದರೆ ಅದನ್ನು ಸೇರಿಸಿ ಹಂಚುವ ಸಾಫ್ಟ್‌ವೇರಿನ ಕೋಡನ್ನೂ ತೆರೆದಿಡಬೇಕೆನ್ನುವ ಲೈಸೆನ್ಸ್. ಸಿಕೆಎಡಿಟರ್ 5 ಕೂಡ ಜಿಪಿಎಲ್. ನಿಮ್ಮ ಸಂಸ್ಥೆಯೊಳಗೇ ಬಳಸುವ ಆ್ಯಪ್ ಆದರೆ ಇದರಿಂದ ತೊಂದರೆ ಕಡಿಮೆ. ಕೋಡ್ ಗುಟ್ಟಾಗಿಟ್ಟು ಗಿರಾಕಿಗಳಿಗೆ ಮಾರುವ ಸಾಫ್ಟ್‌ವೇರ್ ಆದರೆ ವಾಣಿಜ್ಯ ಲೈಸೆನ್ಸ್ ಕೊಳ್ಳಬೇಕಾಗುತ್ತದೆ, ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸಿ. ಎರಡರ ಕ್ಲೌಡ್ ಸೇವೆಯನ್ನೂ ಎಡಿಟರ್ ತಿಂಗಳಿಗೆ ಎಷ್ಟು ಬಾರಿ ತೆರೆಯಿತು ಎಂಬ ಲೆಕ್ಕದಲ್ಲಿ ಕೊಡುತ್ತಾರೆ. ಹತ್ತು ವರದಿಗಾರರು ದಿನಕ್ಕೆ ಇಪ್ಪತ್ತು ಸಲ ತೆರೆದರೆ ತಿಂಗಳಿಗೆ 6,000 ಆಯಿತು. ಉಚಿತ ಯೋಜನೆ ನಂಬಿ ಕೂರಬೇಡಿ, ನಿಮ್ಮ ಸರ್ವರ್‌ನಲ್ಲೇ ಇಟ್ಟುಕೊಳ್ಳಿ.

ಇಮೇಲ್ ತಿದ್ದಿಸುವ, ತೋರಿಸುವ ಬಿಸಿನೆಸ್ ಸಾಫ್ಟ್‌ವೇರಿನವರು: ತಿದ್ದಲು ಟೈನಿಎಂಸಿಇ, ಲೈಸೆನ್ಸ್ ಹಣ ಮೊದಲೇ ಬಜೆಟ್‌ಗೆ ಸೇರಿಸಿ, ತೋರಿಸಲು ಡಾಮ್‌ಪ್ಯೂರಿಫೈ ಮಾಡಿ ಸ್ಯಾಂಡ್‌ಬಾಕ್ಸ್ ಐಫ್ರೇಮ್. ಹೊರಗಿನ ಚಿತ್ರಗಳನ್ನು ಬಳಕೆದಾರ ಒಪ್ಪುವವರೆಗೆ ತಡೆಹಿಡಿಯಿರಿ, ಇಲ್ಲದಿದ್ದರೆ ಪತ್ರ ಯಾವಾಗ ತೆರೆದರೆಂದು ಕಳಿಸಿದವರಿಗೆ ತಿಳಿಯುತ್ತದೆ.

ಕಾಲೇಜಿನವರು: ಅಧ್ಯಾಪಕರು ವರ್ಡ್‌ನಿಂದ ಪೇಸ್ಟ್ ಮಾಡುವುದು ಖಚಿತವಾದ್ದರಿಂದ ಸಿಕೆಎಡಿಟರ್ 5. ವಿದ್ಯಾರ್ಥಿಗಳು ಉತ್ತರ ಬರೆಯುವ ಪೆಟ್ಟಿಗೆಗೆ ಕ್ವಿಲ್, ಅಥವಾ ಬರೀ ಟೆಕ್ಸ್ಟ್‌ಏರಿಯಾ. ಕಣ್ಣು ಕಾಣದ ವಿದ್ಯಾರ್ಥಿಗಳೂ ಬಳಸಬೇಕಲ್ಲವೇ? ಟೈನಿ, ಸಿಕೆ ಎರಡರಲ್ಲೂ ಆಲ್ಟ್ ಮತ್ತು ಎಫ್10 ಒತ್ತಿದರೆ ಮೌಸ್ ಇಲ್ಲದೆ ಟೂಲ್‌ಬಾರ್‌ಗೆ ಹೋಗಬಹುದು. ಟಿಪ್‌ಟ್ಯಾಪ್‌ನಲ್ಲಿ ಅದನ್ನು ನೀವೇ ಮಾಡಬೇಕು, ಮಾಡುವವರು ಅಪರೂಪ.

ಸುದ್ದಿ ಪೋರ್ಟಲ್‌ನವರ ಉತ್ತರ ತಂಡದ ಮೇಲೆ ನಿಂತಿದೆ. ಒಬ್ಬ ಜಾವಾಸ್ಕ್ರಿಪ್ಟ್ ಬಲ್ಲವರು ಕಾಯಂ ಆಗಿದ್ದರೆ ಟಿಪ್‌ಟ್ಯಾಪ್, ಕಣ್ಣುಮುಚ್ಚಿ. ಶೀರ್ಷಿಕೆಯಿಂದ ಅಡಿಬರಹದವರೆಗೆ ಪ್ರತಿಯೊಂದೂ ಬೇರೆ ಬೇರೆ ಸಿಕ್ಕಿದರೆ ನಾಳೆ ಆ್ಯಪ್, ವಾಟ್ಸ್ಆ್ಯಪ್ ಚಾನೆಲ್, ಇ-ಪೇಪರ್ ಎಲ್ಲಕ್ಕೂ ಅದೇ ಪಠ್ಯ ಹೋಗುತ್ತದೆ. ಅಂಥವರಿಲ್ಲದಿದ್ದರೆ, ಹೊರಗಿನವರಿಂದ ಒಮ್ಮೆ ಮಾಡಿಸಿ ಬಿಡುವುದಾದರೆ, ಸಿಕೆಎಡಿಟರ್ 5 ಹಾಕಿ ಟೂಲ್‌ಬಾರಿನಿಂದ ಫಾಂಟ್, ಬಣ್ಣ, ಗಾತ್ರದ ಬಟನ್‌ಗಳನ್ನು ತೆಗೆದುಬಿಡಿ. ಯಾರಾದರೂ ಕೇಳುತ್ತಾರೆ. ಕೊಡಬೇಡಿ.

ಈಗಾಗಲೇ ಸಿಕೆಎಡಿಟರ್ 4 ಓಡುತ್ತಿದ್ದರೆ, ಅದರ ಉಚಿತ ಆವೃತ್ತಿಗೆ 2023ರ ಜೂನ್‌ನಲ್ಲೇ ಬೆಂಬಲ ನಿಂತಿದೆ. ಐದಕ್ಕೆ ಹಾರುವುದು ಅಪ್‌ಗ್ರೇಡ್ ಅನ್ನುವ ಹಾಗಿಲ್ಲ, ಹೊಸ ಎಡಿಟರ್ ಹಾಕಿದಷ್ಟೇ ಕೆಲಸ. ಹಾಗಾಗಿ ಆ ಹೊತ್ತಿನಲ್ಲಿ ಟೈನಿಎಂಸಿಇಯನ್ನೂ ತೂಗಿ ನೋಡಿ. ಹಳೆಯ ಲೇಖನಗಳಿಂದ ನೂರನ್ನು ಆರಿಸಿ, ಎರಡೂ ಎಡಿಟರ್‌ಗೆ ಕೊಟ್ಟು, ಏನೂ ತಿದ್ದದೆ ಹೊರತೆಗೆದು, ಮೂಲದೊಂದಿಗೆ ಹೋಲಿಸಿ. ಯಾವುದರಲ್ಲಿ ಕಳೆದುಹೋದದ್ದು ನಿಮಗೆ ಬೇಡದ್ದೇ ಆಗಿದೆಯೋ ಅದನ್ನು ಹಾಕಿ.